ಪಾಠ ಯಾರಿಗೆ, ಪರೀಕ್ಷೆ ಯಾರಿಗೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಾಯಿಗೆ ಟ್ರೇನಿಂಗ್ ಕೊಡಿಸುವುದೆಂದರೆ ಬಹುಪಾಲು ನಡೆಯುವುದು ಇಷ್ಟು. ಬೆಳಿಗ್ಗೆ ಟ್ರೇನರ್ ಬರುತ್ತಾರೆ, ಮನೆಯವರ ಕೈಯಿಂದ ಚೈನು ಈಸಿಕೊಳ್ಳುತ್ತಾರೆ, ಮುಕ್ಕಾಲು ಗಂಟೆ ಕಾಂಪೌಂಡಿನಲ್ಲಿ ನಡೆಸಿ, ಕೂರಿಸಿ, ಮಲಗಿಸಿ, ಮತ್ತೆ ತಂದು ಒಪ್ಪಿಸಿ ಹೊರಡುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅವರು ಕೈ ಎತ್ತಿದರೆ ಸಾಕು, ಲ್ಯಾಬ್ರಡಾರ್ ಕೂರುತ್ತದೆ. ಅವರು ಗೇಟು ದಾಟಿದ ಮೇಲೆ ಅದೇ ಲ್ಯಾಬ್ರಡಾರ್ ಮನೆಯಾಕೆಯ ತೋಳು ಕಿತ್ತು ಬರುವ ಹಾಗೆ ಎಳೆಯುತ್ತದೆ, ಲಿಫ್ಟಿನಿಂದ ಹೊರಬಂದವರ ಮೇಲೆ ಹಾರುತ್ತದೆ. ಟ್ರೇನರ್ ಮೋಸ ಮಾಡಿದರು ಎನ್ನುವ ಹಾಗಿಲ್ಲ. ನಾಯಿ ಕಲಿತಿರುವುದು ನಿಜ. ಆದರೆ ನಾಯಿಯ ಕಲಿಕೆ ಜಾಗಕ್ಕೆ, ಹೊತ್ತಿಗೆ, ಎದುರಿಗೆ ನಿಂತ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಟ್ರೇನರ್ ಮುಂದೆ ಕೂತರೆ ಬಿಸ್ಕತ್ತು ಸಿಗುತ್ತದೆ, ಎದ್ದರೆ ಚೈನು ಬಿಗಿಯುತ್ತದೆ ಎಂದು ಅದು ಲೆಕ್ಕ ಹಾಕಿಕೊಂಡಿದೆ. ಮನೆಯವರ ಮುಂದೆ ಎರಡೂ ಇಲ್ಲವೆಂಬುದನ್ನೂ ಅಷ್ಟೇ ಚೆನ್ನಾಗಿ ಲೆಕ್ಕ ಹಾಕಿಕೊಂಡಿದೆ. ಕಲಿಯಬೇಕಾಗಿದ್ದ ಇನ್ನೊಬ್ಬರು ಆ ಮುಕ್ಕಾಲು ಗಂಟೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದರು.

ನಾಯಿಗೆ ಕಲಿಸುವುದು ಸುಲಭ, ಮಾಲೀಕರಿಗೆ ಕಲಿಸುವುದು ಕಷ್ಟ ಎಂಬ ಮಾತನ್ನು ಈ ವೃತ್ತಿಯವರೆಲ್ಲ ತಲೆಯಾಡಿಸಿ ಒಪ್ಪುತ್ತಾರೆ. ಒಪ್ಪಿದ ಮೇಲೆ ಅದರಿಂದ ಹುಟ್ಟುವ ಪ್ರಶ್ನೆಯನ್ನೂ ಎದುರಿಸಬೇಕಲ್ಲ? ಕಷ್ಟದ ಕೆಲಸ ಅದೇ ಆಗಿದ್ದರೆ, ಒಬ್ಬರನ್ನು ಅರ್ಹ ಬೋಧಕ ಎಂದು ಸಾರುವ ಪರೀಕ್ಷೆ ಅಳೆಯಬೇಕಾದ್ದೂ ಅದನ್ನೇ. ಜಗತ್ತಿನಲ್ಲಿ ಇಂದು ಚಲಾವಣೆಯಲ್ಲಿರುವ ಪ್ರಮಾಣಪತ್ರಗಳನ್ನು ಈ ಒಂದು ಅಳತೆಗೋಲು ಹಿಡಿದು ನೋಡಿದರೆ, ಹೆಚ್ಚಿನವು ಅರ್ಧ ದಾರಿಯಲ್ಲೇ ನಿಂತಿವೆ ಎಂಬುದು ನನ್ನ ವಾದ. ನಾಯಿಯ ಬಗ್ಗೆ ಎಷ್ಟು ಗೊತ್ತು ಎಂದು ಅವು ಗಟ್ಟಿಯಾಗಿ ಕೇಳುತ್ತವೆ. ಗೊತ್ತಿದ್ದದ್ದನ್ನು ಇನ್ನೊಬ್ಬರ ಕೈಗೆ ಇಳಿಸಲು ಬರುತ್ತದೆಯೇ ಎಂದು ಕೇಳುವಾಗ ಮಾತ್ರ ದನಿ ತಗ್ಗುತ್ತದೆ.

ಮಾಲೀಕರನ್ನೇ ತರಗತಿಗೆ ಕರೆಸುವ ಪದ್ಧತಿ ಹೊಸದೇನಲ್ಲ. 1910ರಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟ್ ಬರೆದ ಕೈಪಿಡಿ ಪೊಲೀಸ್ ನಾಯಿಗಳ ಲೋಕದಿಂದ ಬಂದದ್ದು. ಅಲ್ಲಿ ನಾಯಿ ಹಿಡಿದವನೂ ಸಂಬಳದ ನೌಕರ, ಹೇಳಿದಂತೆ ಕೇಳಲೇಬೇಕಾದವನು. ಸಾಮಾನ್ಯ ಗೃಹಸ್ಥರು ಮೈದಾನಕ್ಕೆ ಇಳಿದದ್ದು ಅಮೆರಿಕದಲ್ಲಿ, ಹೆಲೆನ್ ವೈಟ್‌ಹೌಸ್ ವಾಕರ್ ಎಂಬಾಕೆಯ ಹಟದಿಂದ. ತಮ್ಮ ಪೂಡಲ್‌ಗಳು ಬರೀ ಅಲಂಕಾರಕ್ಕೆ ಸಾಕಿದವಲ್ಲ ಎಂದು ತೋರಿಸಲು ಆಕೆ 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ವಿಧೇಯತೆಯ ಸ್ಪರ್ಧೆಯೊಂದನ್ನು ಏರ್ಪಡಿಸಿದರು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅದನ್ನು ತನ್ನದಾಗಿಸಿಕೊಂಡಿತು. ಮರುವರ್ಷ ಆಕೆ ಮತ್ತು ಆಕೆಯ ಜೊತೆಗಾರ್ತಿ ಬ್ಲಾಂಚ್ ಸಾಂಡರ್ಸ್ ಕಾರಿಗೆ ಟ್ರೈಲರ್ ಕಟ್ಟಿಕೊಂಡು ಊರೂರು ಸುತ್ತಿ ಪ್ರದರ್ಶನ ಕೊಟ್ಟರು. ಕ್ಲಬ್ಬುಗಳು ಹುಟ್ಟಿದವು, ತರಗತಿಗಳು ಶುರುವಾದವು. ಅಲ್ಲಿ ಕಲಿಸಲು ನಿಂತವರು ಹೆಚ್ಚಾಗಿ ಸ್ಪರ್ಧೆಯಲ್ಲಿ ಗೆದ್ದವರು. ತನ್ನ ನಾಯಿಯನ್ನು ಗೆಲ್ಲಿಸಿದವರು ಬೇರೆಯವರ ನಾಯಿಯನ್ನು ಬೇರೆಯವರ ಕೈಯಲ್ಲೇ ತಿದ್ದಬಲ್ಲರು ಎಂಬ ನಂಬಿಕೆ ಆಗ ಬೇರು ಬಿಟ್ಟದ್ದು ಇಂದಿಗೂ ಅಲ್ಲಾಡಿಲ್ಲ.

ಈ ನಂಬಿಕೆ ಎಷ್ಟು ಟೊಳ್ಳು ಎಂಬುದಕ್ಕೆ ಎರಡು ಹಳೆಯ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಡಿಸ್ನಿ ಚಿತ್ರಗಳ ನಾಯಿಗಳನ್ನು ಪಳಗಿಸಿದ ವಿಲಿಯಂ ಕೋಲರ್ 1962ರಲ್ಲಿ ಬರೆದ ಪುಸ್ತಕ ಇಂದಿನ ಕಣ್ಣಿಗೆ ಕ್ರೂರ. ಗುಂಡಿ ತೋಡುವ ನಾಯಿಯ ಮೂತಿಯನ್ನು ಅದೇ ಗುಂಡಿಯ ನೀರಿನಲ್ಲಿ ಅದ್ದುವ ಸಲಹೆಯನ್ನು ಯಾರೂ ಸಮರ್ಥಿಸಲಾರರು. ಆದರೂ ಆ ಪುಸ್ತಕದಲ್ಲಿ ಮಾಲೀಕನಿಗೆ ಪಾಠ ಹೇಳುವ ಕ್ರಮವೊಂದಿದೆ. ಮೊದಲ ವಾರ ಉದ್ದನೆಯ ಹಗ್ಗ ಹಿಡಿದು, ಬಾಯಿಬಿಡದೆ, ತಾನು ಹೊರಟ ಕಡೆಗೆ ನೇರ ನಡೆಯುವುದಷ್ಟೇ ಕೆಲಸ. ಒಂದು ವಾರಕ್ಕೆ ಒಂದು ಪಾಠ, ದಿನಕ್ಕೆ ಇಷ್ಟು ಅಭ್ಯಾಸ, ಅದು ಕೈಗೆ ಹತ್ತಿದ ಮೇಲೆ ಮುಂದಿನದು. ಇನ್ನೊಂದು ಕಡೆ ಬಾರ್ಬರಾ ವುಡ್‌ಹೌಸ್. 1980ರ ಬಿಬಿಸಿ ಸರಣಿಯಿಂದ ಬ್ರಿಟನ್ನಿನ ಮನೆಮಾತಾದ ಈಕೆ ಕೆಟ್ಟ ನಾಯಿಗಳೇ ಇಲ್ಲ, ಇರುವುದು ಅರಿಯದ ಮಾಲೀಕರು ಎಂದು ಪ್ರತಿಪಾದಿಸಿದವರು. ಮಾತೇನೋ ಮಾಲೀಕರ ಕುರಿತು. ತೆರೆಯ ಮೇಲೆ ಕಾಣುವುದು ಮಾತ್ರ ಆಕೆಯ ಕೈಚಳಕ. ಚೈನು ಆಕೆಯ ಕೈಗೆ ಬಂದ ಕ್ಷಣ ನಾಯಿ ಬದಲಾಗುತ್ತದೆ, ಮಾಲೀಕರು ಗದರಿಸಿಕೊಂಡು ಪೆಚ್ಚಾಗಿ ನಿಲ್ಲುತ್ತಾರೆ. 2004ರಿಂದ ಸೀಸರ್ ಮಿಲನ್ ನಡೆಸಿಕೊಟ್ಟ ಅಮೆರಿಕದ ಕಾರ್ಯಕ್ರಮವೂ ಇದೇ ಸಾಲಿನದು. ಮನುಷ್ಯರಿಗೆ ತರಬೇತಿ ಕೊಡುತ್ತೇನೆ ಎಂದು ಹೇಳಿಕೊಂಡರೂ ಪ್ರೇಕ್ಷಕರು ಕಾದು ಕೂತದ್ದು ಆತ ಚೈನು ಹಿಡಿಯುವ ಗಳಿಗೆಗೆ. ಕೋಲರನ ವಿಧಾನವನ್ನು ನಾವು ಬಿಟ್ಟದ್ದು ಸರಿ. ಬೋಧನೆಯ ಕ್ರಮದ ಮಟ್ಟಿಗೆ ಮಾತ್ರ ಆ ಒರಟು ಮನುಷ್ಯ ಈ ಇಬ್ಬರು ತಾರೆಗಳಿಗಿಂತ ಒಂದು ಕೈ ಮೇಲು.

1980ರ ದಶಕದಲ್ಲಿ ಚಿತ್ರ ಬದಲಾಯಿತು. ಕತ್ತು ಜಗ್ಗುವ ವಿಧಾನ ಎಳೆಯ ಮರಿಗೆ ಸಲ್ಲದ್ದರಿಂದ ಅದುವರೆಗೆ ಆರು ತಿಂಗಳಾಗುವ ತನಕ ತರಬೇತಿಯನ್ನೇ ಮುಂದೂಡುತ್ತಿದ್ದರು. ಮರಿ ಲೋಕದೊಂದಿಗೆ ಹೊಂದಿಕೊಳ್ಳುವ ಮುಖ್ಯ ಕಾಲ ಮೂರರಿಂದ ಹನ್ನೆರಡು ವಾರದ ನಡುವಿನದು ಎಂದು ಸಂಶೋಧಕರಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ಬರೆದಿದ್ದರೂ ತರಗತಿಗಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಬ್ರಿಟಿಷ್ ಪಶುವೈದ್ಯ ಇಯಾನ್ ಡನ್‌ಬಾರ್ ಮರಿಗಳ ಚೈನು ಬಿಚ್ಚಿ, ತಿಂಡಿಯ ಆಸೆ ತೋರಿಸಿ, ಇಡೀ ಕುಟುಂಬವನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು. 1984ರಲ್ಲಿ ಕರೆನ್ ಪ್ರಯರ್ ಅವರ ಪುಸ್ತಕ ಡಾಲ್ಫಿನ್‌ಗಳಿಗೆ ಕಲಿಸುವ ತತ್ವವನ್ನು ಮನೆಮಂದಿಗೆ ತಲುಪಿಸಿತು. 1993ರಲ್ಲಿ ಡನ್‌ಬಾರ್ ಅಮೆರಿಕದಲ್ಲಿಯೂ 1995ರಲ್ಲಿ ಜಾನ್ ಫಿಶರ್ ಬ್ರಿಟನ್ನಿನಲ್ಲಿಯೂ ಸಾಕುನಾಯಿ ತರಬೇತುದಾರರ ಸಂಘಗಳನ್ನು ಕಟ್ಟಿದರು. ಮಕ್ಕಳೂ ಮಾಡಬಹುದಾದ ವಿಧಾನ ಬಂದದ್ದು ದೊಡ್ಡ ಲಾಭ. ಅದರಿಂದ ಬೋಧಕರ ಕೆಲಸ ಹಗುರಾಯಿತು ಎಂದುಕೊಂಡರೆ ತಪ್ಪು. ಹಳೆಯ ತರಗತಿಯಲ್ಲಿ ಎಲ್ಲರೂ ವೃತ್ತಾಕಾರದಲ್ಲಿ ಒಂದೇ ಹೆಜ್ಜೆ ಹಾಕುತ್ತಿದ್ದರು, ನಡುವೆ ನಿಂತವರು ಕೂಗಿ ಹೇಳುತ್ತಿದ್ದರು. ಹೊಸ ತರಗತಿಯಲ್ಲಿ ಬೋಧಕರು ಹತ್ತು ಜೋಡಿ ಕೈಗಳನ್ನು ಒಂದೊಂದಾಗಿ ನೋಡಬೇಕು.

ನೋಡುವುದೆಂದರೆ ಏನು? ಕೂರಿಸುವ ಪಾಠವನ್ನೇ ತೆಗೆದುಕೊಳ್ಳಿ. ಮರಿಯ ಮೂಗಿನ ಮುಂದೆ ಬಿಸ್ಕತ್ತು ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ, ಹಿಂದಕ್ಕೆ ಸರಿಸಿದರೆ ಮೂತಿ ಮೇಲೇರುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಹೊಸ ಮಾಲೀಕರು ಕೈಯನ್ನು ಒಂದು ಗೇಣು ಹೆಚ್ಚು ಎತ್ತುತ್ತಾರೆ, ಮರಿ ನೆಗೆಯುತ್ತದೆ. ಗಾಬರಿಯಲ್ಲಿ ‘ಸಿಟ್, ಸಿಟ್, ಸಿಟ್’ ಎಂದು ಮೂರು ಸಲ ಹೇಳುತ್ತಾರೆ. ಮೂರನೆಯದಕ್ಕೆ ಮರಿ ಕೂರುತ್ತದೆ. ಅಷ್ಟರಲ್ಲಿ ಕೈಯಲ್ಲಿದ್ದ ಬಿಸ್ಕತ್ತು ಕೆಳಗೆ ಬಿದ್ದಿದೆ. ಇನ್ನೊಂದಕ್ಕೆ ಜೇಬು ತಡಕುತ್ತಾರೆ, ತಡಕುವಾಗ ಮುಂದಕ್ಕೆ ಬಾಗುತ್ತಾರೆ, ಮೇಲೆ ಬಗ್ಗಿದ ಆ ಮೈ ಕಂಡು ಮರಿ ಎದ್ದು ಹಿಂದೆ ಸರಿಯುತ್ತದೆ, ಬಿಸ್ಕತ್ತು ಸಿಗುವುದು ಆಗ. ಮರಿಗೆ ಗೊತ್ತಾದದ್ದು ಎರಡು ಸಂಗತಿ: ಮೊದಲ ಎರಡು ಮಾತಿಗೆ ಬೆಲೆಯಿಲ್ಲ, ಎದ್ದು ನಿಂತರೆ ತಿಂಡಿ ಉಂಟು. ಇದೆಲ್ಲ ನಾಲ್ಕೈದು ಸೆಕೆಂಡುಗಳ ವ್ಯವಹಾರ. ಬೋಧಕರು ಅಷ್ಟನ್ನೂ ಕಂಡಿರಬೇಕು. ಕಂಡ ಮೇಲೆ ಅಷ್ಟನ್ನೂ ಹೇಳಬಾರದು. ನಾಲ್ಕು ತಪ್ಪನ್ನು ಒಟ್ಟಿಗೆ ಹೇಳಿದರೆ ಮಾಲೀಕರ ಕೈಕಾಲು ಆಡುವುದಿಲ್ಲ. ‘ಇನ್ನೊಂದು ಬಿಸ್ಕತ್ತು ಮೊದಲೇ ಎಡಗೈಯಲ್ಲಿ ಹಿಡ್ಕೊಳ್ಳಿ’ ಎಂಬ ಒಂದು ಮಾತು ಸಾಕು. ಜೇಬು ತಡಕುವುದು ತಪ್ಪುತ್ತದೆ, ಬಾಗುವುದು ತಪ್ಪುತ್ತದೆ, ಕೂತಾಗಲೇ ಪ್ರತಿಫಲ ಸಿಗುತ್ತದೆ. ಯಾವ ಒಂದನ್ನು ತಿದ್ದಿದರೆ ಉಳಿದವು ತಾವಾಗಿ ತಿದ್ದಿಕೊಳ್ಳುತ್ತವೆ ಎಂದು ಆರಿಸುವುದರಲ್ಲಿ ಈ ವೃತ್ತಿಯ ವಿದ್ಯೆಯೆಲ್ಲ ಇದೆ.

ಈಗ ಪ್ರಮಾಣಪತ್ರಗಳಿಗೆ ಬರೋಣ. ಹೆಚ್ಚು ಪ್ರಚಾರದಲ್ಲಿರುವುದು ಅಮೆರಿಕದಲ್ಲಿ 2001ರಲ್ಲಿ ಸ್ಥಾಪನೆಯಾದ ವೃತ್ತಿಪರ ನಾಯಿ ತರಬೇತುದಾರರ ಪ್ರಮಾಣೀಕರಣ ಮಂಡಳಿಯ ಸಿಪಿಡಿಟಿ–ಕೆಎ. ಕಳೆದ ಮೂರು ವರ್ಷಗಳಲ್ಲಿ ಕನಿಷ್ಠ 300 ಗಂಟೆಗಳ ತರಬೇತಿಯ ಅನುಭವ, ಅದಕ್ಕೆ ಬಲ್ಲವರ ಒಂದು ಸಹಿ, ಆಮೇಲೆ 180 ಬಹು ಆಯ್ಕೆಯ ಪ್ರಶ್ನೆಗಳು. ಕೋರ್ಸ್ ಮಾರುವ ಶಾಲೆಯೇ ಪರೀಕ್ಷೆಯನ್ನೂ ನಡೆಸಿ ಪಾಸು ಮಾಡುವ ದಂಧೆಗಿಂತ ಇದು ಎಷ್ಟೋ ಮೇಲು, ಏಕೆಂದರೆ ಪರೀಕ್ಷೆ ನಡೆಸುವ ಸಂಸ್ಥೆ ಇಲ್ಲಿ ಬೇರೆ. ಪ್ರಶ್ನೆಗಳಲ್ಲಿ ಬೋಧನೆಯ ಕೌಶಲಕ್ಕೂ ಪಾಲಿದೆ. ಆದರೆ ಗದರದೆ ತಿದ್ದುವುದು ಹೇಗೆ ಎಂಬುದಕ್ಕೆ ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಿದವರೆಲ್ಲ ತರಗತಿಯಲ್ಲಿ ಗದರದೆ ಇರುತ್ತಾರೆಯೇ? 300 ಗಂಟೆ ಎಂಬುದು ಎಷ್ಟು ಹೊತ್ತು ನಿಂತಿದ್ದರು ಎಂದು ಹೇಳುತ್ತದೆ. ಆ ಹೊತ್ತಿನಲ್ಲಿ ಎದುರಿಗಿದ್ದವರಿಗೆ ಏನು ಬಂತು ಎಂದು ಹೇಳುವುದಿಲ್ಲ. ಇದರ ಮೇಲಿನ ಹಂತವಾದ ಕೆಎಸ್‌ಎ ವಿಡಿಯೊ ತರಿಸಿಕೊಂಡು ಕೌಶಲ ನೋಡುತ್ತದೆ. ಹಾಗೆ ನೋಡಿದರೆ ಅದೇ ಮೊದಲ ಹಂತವಾಗಬೇಕಿತ್ತು. 2007ರಲ್ಲಿ ಆರಂಭವಾದ ಕರೆನ್ ಪ್ರಯರ್ ಅಕಾಡೆಮಿಯಲ್ಲಿ ಇನ್ನೊಬ್ಬ ಮನುಷ್ಯನಿಗೆ ಕಲಿಸಿ ತೋರಿಸುವುದು ಕೊನೆಯ ಮೌಲ್ಯಮಾಪನದ ಒಂದು ಭಾಗವೇ ಆಗಿದೆ. ಆ ಮಟ್ಟಿಗೆ ಅದು ಗುರಿಗೆ ಹತ್ತಿರ. ಇಂಥ ಕೋರ್ಸುಗಳ ಅಕ್ಕಪಕ್ಕದಲ್ಲಿ ಕೋಳಿಗಳ ಶಿಬಿರಗಳೂ ಇವೆ. ಅರ್ಕಾನ್ಸಾದಲ್ಲಿ ಬಾಬ್ ಬೇಯ್ಲಿ ಮತ್ತು ಮನೋವಿಜ್ಞಾನಿ ಸ್ಕಿನ್ನರ್ ಅವರ ಶಿಷ್ಯೆ ಮೇರಿಯನ್ ಬೇಯ್ಲಿ ನಡೆಸಿದ ಶಿಬಿರಗಳಲ್ಲಿ ನಾಯಿ ತರಬೇತುದಾರರು ಕೋಳಿಗೆ ಬಣ್ಣ ಗುರುತಿಸಲು ಕಲಿಸುತ್ತಿದ್ದರು. ಕೋಳಿ ಚುರುಕು, ಅದಕ್ಕೆ ಮುಲಾಜಿಲ್ಲ, ಸರಿಯಾದ ಗಳಿಗೆಯನ್ನು ಸದ್ದಿನಿಂದ ಗುರುತಿಸುವ ಕ್ಲಿಕ್ಕರ್ ಅರೆಕ್ಷಣ ತಡವಾದರೂ ತಪ್ಪು ಪಾಠ ಕಲಿಯುತ್ತದೆ. ಕೈಯ ಸಮಯಪ್ರಜ್ಞೆ ಸಾಧಿಸಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ ಎನ್ನುವವರ ಮಾತು ಒಪ್ಪತಕ್ಕದ್ದೇ. ಒಂದೇ ಕೊರತೆ: ಕೋಳಿಯ ಜೊತೆ ಅದರ ಮಾಲೀಕರು ಬರುವುದಿಲ್ಲ.

ಯುರೋಪಿನಲ್ಲಿ ಎರಡು ಹೆಜ್ಜೆ ಮುಂದೆ ಹೋದವರಿದ್ದಾರೆ. ಬ್ರಿಟನ್ನಿನ ಪ್ರಾಣಿ ವರ್ತನೆ ಮತ್ತು ತರಬೇತಿ ಮಂಡಳಿ ತನ್ನ ನೋಂದಣಿಯಲ್ಲಿ ಪ್ರಾಣಿಗೆ ಕಲಿಸುವವರನ್ನೂ, ಪ್ರಾಣಿಗೆ ಕಲಿಸುವುದು ಹೇಗೆಂದು ಮಾಲೀಕರಿಗೆ ಕಲಿಸುವವರನ್ನೂ ಎರಡು ಬೇರೆ ವರ್ಗಗಳಾಗಿ ಇಟ್ಟಿದೆ. ಸಣ್ಣದಾಗಿ ಕಾಣುವ ಈ ವಿಂಗಡಣೆಯೇ ಇಡೀ ಚರ್ಚೆಯ ಕೀಲಿ. ಮೊದಲನೆಯದರಲ್ಲಿ ನಿಪುಣರಾದವರು ಎರಡನೆಯದರಲ್ಲಿ ಸೋಲಬಹುದು ಎಂದು ಒಪ್ಪಿದ ಮೊದಲ ದಾಖಲೆಗಳಲ್ಲಿ ಅದನ್ನು ಸೇರಿಸಬಹುದು. ಜರ್ಮನಿ ಕಾನೂನನ್ನೇ ತಂದಿತು. 2014ರ ಆಗಸ್ಟ್ 1ರಿಂದ ಅಲ್ಲಿ ಹಣ ಪಡೆದು ಮಾಲೀಕರಿಗೆ ನಾಯಿ ತರಬೇತಿಯ ಮಾರ್ಗದರ್ಶನ ಕೊಡುವವರು ಪ್ರಾಣಿ ರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಪಡೆಯಲೇಬೇಕು. ಅದನ್ನು ಕೊಡುವುದು ಸ್ಥಳೀಯ ಪಶುವೈದ್ಯಕೀಯ ಕಚೇರಿ. ಪರೀಕ್ಷೆಯ ಸ್ವರೂಪ ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ ಎಂಬ ದೂರು ಅಲ್ಲಿನ ತರಬೇತುದಾರರದು, ದೂರು ನ್ಯಾಯವಾದದ್ದೇ. ಆದರೂ ಲಿಖಿತ ಪರೀಕ್ಷೆಯ ಜೊತೆಗೆ ಮುಖಾಮುಖಿ ಚರ್ಚೆಯನ್ನೂ ಪ್ರಾಯೋಗಿಕ ಭಾಗವನ್ನೂ ಇಟ್ಟುಕೊಂಡ ಕಚೇರಿಗಳು ಬಹು ಆಯ್ಕೆಯ ಪ್ರಶ್ನೆಗಳಾಚೆಗೆ ನೋಡಿದವು.

ಬೋಧಕರನ್ನು ಹೀಗೆ ಪರೀಕ್ಷೆಗೆ ಒಡ್ಡಬೇಕೆಂಬುದಕ್ಕೆ ಮೊದಲ ಆಕ್ಷೇಪ ಅನುಭವಿಗಳದು. ಮೂವತ್ತು ವರ್ಷ ನಾಯಿಗಳ ನಡುವೆ ಬದುಕಿದವರಿಗೆ ಕಾಗದ ಏಕೆ? ನಮ್ಮಲ್ಲಿ ಈ ಮಾತಿಗೆ ವಿಶೇಷ ತೂಕವಿದೆ, ಏಕೆಂದರೆ ಮನೆಮನೆಗೆ ಹೋಗಿ ಕಲಿಸುವವರಲ್ಲಿ ಸೇನೆ, ಪೊಲೀಸ್, ಅರೆಸೇನಾ ಪಡೆಗಳ ಶ್ವಾನದಳಗಳಿಂದ ನಿವೃತ್ತರಾದವರು ಇದ್ದಾರೆ. ಮೀರತ್‌ನಲ್ಲಿರುವ ಸೇನೆಯ ಆರ್‌ವಿಸಿ (ರಿಮೌಂಟ್ ವೆಟರ್ನರಿ ಕೋರ್) ಕೇಂದ್ರ, ಟೇಕನ್‌ಪುರದ ಬಿಎಸ್‌ಎಫ್ ಶಾಲೆ, ಬೆಂಗಳೂರಿನ ಹೊರವಲಯದ ತರಳುವಿನಲ್ಲಿರುವ ಸಿಆರ್‌ಪಿಎಫ್ ಶಾಲೆ, ಇವುಗಳಿಂದ ಬಂದವರ ನಾಯಿಜ್ಞಾನವನ್ನು ಹಗುರಾಗಿ ಕಾಣುವ ಹಾಗಿಲ್ಲ. ಆದರೆ ಆ ಶಾಲೆಗಳ ಪದ್ಧತಿಯೇ ನನ್ನ ವಾದಕ್ಕೆ ಸಾಕ್ಷಿ. ಅಲ್ಲಿ ನಾಯಿಯನ್ನು ಒಬ್ಬರು ಪಳಗಿಸಿ ಇನ್ನೊಬ್ಬರಿಗೆ ಕೊಡುವುದಿಲ್ಲ. ನಾಯಿಯೂ ಅದರ ಹ್ಯಾಂಡ್ಲರೂ ಜೊತೆಗೆ ತಿಂಗಳುಗಟ್ಟಲೆ ಕಲಿಯುತ್ತಾರೆ, ಜೊತೆಗೇ ಪಾಸಾಗುತ್ತಾರೆ, ಜೊತೆಗೇ ಡ್ಯೂಟಿಗೆ ಹೋಗುತ್ತಾರೆ. ಹ್ಯಾಂಡ್ಲರ್ ಕಲಿಯದೆ ನಾಯಿ ಕಲಿತರೆ ಬಾಂಬ್ ಸಿಗುವುದಿಲ್ಲ ಎಂದು ಆ ಪಡೆಗಳಿಗೆ ಗೊತ್ತು. ಶಿಸ್ತಿನ ದನಿ, ಚೋಕ್ ಚೈನು, ನೇರ ನಡಿಗೆ ಎಲ್ಲವೂ ಶ್ವಾನದಳದಿಂದ ಅಪಾರ್ಟ್‌ಮೆಂಟಿಗೆ ಬಂದವು; ಜೋಡಿಯಾಗಿ ಕಲಿಸುವ ಪದ್ಧತಿ ಮಾತ್ರ ಅಲ್ಲೇ ಉಳಿಯಿತು. ಮೂವತ್ತು ವರ್ಷದ ಅನುಭವ ಇದ್ದವರಿಗೂ ಆದೇಶ ಪಾಲಿಸುವ ಜವಾನರಿಗೆ ಕಲಿಸಿ ಗೊತ್ತು. ಆಫೀಸಿನಿಂದ ದಣಿದು ಬಂದ, ದಿನಕ್ಕೆ ಹತ್ತು ನಿಮಿಷ ಕೊಡಲಾಗದ ಗೃಹಸ್ಥರಿಗೆ ಕಲಿಸುವುದು ಬೇರೆಯೇ ಕಸುಬು.

ಎರಡನೆಯ ಆಕ್ಷೇಪ ಮಾರುಕಟ್ಟೆಯದು: ಮಾಲೀಕರಿಗೆ ಕಲಿಯುವುದೇ ಬೇಡ. ದುಡ್ಡು ಕೊಡುತ್ತೇವೆ, ಸರಿಮಾಡಿ ಕೊಡಿ ಎನ್ನುವವರಿಗೆ ಪಾಠ ಹೇಳಲು ಹೋದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾರೆ. ಎರಡು ವಾರ ನಾಯಿಯನ್ನು ಬಿಟ್ಟುಹೋಗಿ, ಪಳಗಿಸಿ ಕೊಡುತ್ತೇವೆ ಎನ್ನುವ ಬೋರ್ಡಿಂಗ್ ವ್ಯಾಪಾರ ನಿಂತಿರುವುದು ಈ ಮನಸ್ಸಿನ ಮೇಲೆ. ಬೇಡಿಕೆ ಇದೆ ಎಂಬುದು ಸತ್ಯ. ಡ್ರೈವಿಂಗ್ ಸ್ಕೂಲಿನವರು ತಿಂಗಳೆಲ್ಲ ತಾವೇ ಕಾರು ಓಡಿಸಿ, ಈಗ ನಿಮ್ಮ ಕಾರಿಗೆ ರಸ್ತೆ ಅಭ್ಯಾಸವಾಗಿದೆ ಎಂದು ಕೀಲಿ ಕೈಗಿತ್ತರೆ ಒಪ್ಪದವರು ನಾಯಿಯ ವಿಷಯದಲ್ಲಿ ಒಪ್ಪುತ್ತಾರೆ, ಏಕೆಂದರೆ ನಾಯಿ ಒಂದೆರಡು ವಾರ ನಿಜಕ್ಕೂ ಹೊಸ ಅಭ್ಯಾಸವನ್ನು ಉಳಿಸಿಕೊಂಡಿರುತ್ತದೆ. ಅದು ಕರಗುವುದು ಬಿಲ್ಲು ಪಾವತಿಯಾದ ಮೇಲೆ. ಗಿರಾಕಿ ಕೇಳಿದ್ದನ್ನು ಕೊಡುವುದು ವ್ಯಾಪಾರದ ಧರ್ಮವಿರಬಹುದು. ತಾನು ಕೊಡುವುದು ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಕೊಡುವವರನ್ನು ಅರ್ಹ ಬೋಧಕ ಎಂದು ಕರೆಯುವ ಅಗತ್ಯವಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸ್ವಿಟ್ಜರ್ಲೆಂಡಿನಿಂದ ಬರುತ್ತದೆ. 2008ರಿಂದ ಆ ದೇಶ ನಾಯಿ ಸಾಕುವವರಿಗೆಲ್ಲ ಕೋರ್ಸ್ ಕಡ್ಡಾಯ ಮಾಡಿತು. ಮೊದಲ ಸಲ ಸಾಕುವವರಿಗೆ ತತ್ವದ ಪಾಠ, ಎಲ್ಲರಿಗೂ ಹೊಸ ನಾಯಿಯೊಂದಿಗೆ ಕನಿಷ್ಠ ನಾಲ್ಕು ಪ್ರಾಯೋಗಿಕ ಪಾಠ. 2016ರ ಕೊನೆಗೆ ಸಂಸತ್ತು ಅದನ್ನು ಕೈಬಿಟ್ಟಿತು. ಐವರಲ್ಲಿ ಒಬ್ಬರಷ್ಟು ಮಾಲೀಕರು ಕೋರ್ಸಿಗೆ ಹೋಗಿಯೇ ಇರಲಿಲ್ಲ. ಹೋದವರ ನಾಯಿಗಳಿಗೂ ಹೋಗದವರ ನಾಯಿಗಳಿಗೂ ಕಚ್ಚುವ ವಿಷಯದಲ್ಲಿ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಹಾಗಾದರೆ ಮಾಲೀಕರಿಗೆ ಕಲಿಸುವುದೇ ವ್ಯರ್ಥವೇ? ಆ ಕೋರ್ಸಿನ ಕೊನೆಯಲ್ಲಿ ಸಿಗುತ್ತಿದ್ದುದು ಹಾಜರಾತಿಯ ಪತ್ರ ಎಂಬುದನ್ನು ಗಮನಿಸಬೇಕು. ಮಾಲೀಕರಿಗೆ ಏನು ಬಂತು ಎಂದು ನೋಡುವ ಪರೀಕ್ಷೆ ಅಲ್ಲಿರಲಿಲ್ಲ, ಆದ್ದರಿಂದ ಒಳ್ಳೆಯ ಬೋಧಕರನ್ನೂ ಹೊತ್ತು ಕಳೆದವರನ್ನೂ ಬೇರ್ಪಡಿಸುವ ದಾರಿಯೂ ಇರಲಿಲ್ಲ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯ ಇದನ್ನು ತಿರುಗುಮುರುಗು ಮಾಡಿತು. ಅಲ್ಲಿ 2013ರಿಂದ ಹೊಸದಾಗಿ ನಾಯಿ ಸಾಕುವವರು ಎಲ್ಲಿ ಬೇಕಾದರೂ ಕಲಿಯಲಿ, ಕಲಿಯದೆಯೂ ಇರಲಿ. ನಾಯಿ ತರುವ ಮುಂಚೆ ಲಿಖಿತ ಪರೀಕ್ಷೆ, ತಂದ ಮೊದಲ ವರ್ಷದಲ್ಲಿ ನಾಯಿಯೊಂದಿಗೆ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ, ಬ್ರಿಟನ್ನಿನ ಕೆನಲ್ ಕ್ಲಬ್ 1992ರಲ್ಲಿ ಸ್ವಯಂಪ್ರೇರಿತರಿಗಾಗಿ ಶುರುಮಾಡಿದ ಸಭ್ಯ ನಾಯಿ ಪರೀಕ್ಷೆಗಳೂ ಇದೇ ಜಾತಿಯವು. ಅಮೆರಿಕದ್ದರಲ್ಲಿ ಹತ್ತು ಅಂಶಗಳಿವೆ: ಅಪರಿಚಿತರು ಬಂದು ಮಾತಾಡಿಸಿದಾಗ ಸುಮ್ಮನಿರುವುದು, ಜನಜಂಗುಳಿಯಲ್ಲಿ ಚೈನು ಸಡಿಲವಾಗಿಟ್ಟು ನಡೆಯುವುದು, ಇನ್ನೊಂದು ನಾಯಿ ಎದುರಾದಾಗ ರಂಪ ಮಾಡದಿರುವುದು ಇತ್ಯಾದಿ. ಚೈನು ಹಿಡಿಯುವುದು ಮಾಲೀಕರೇ. ಅಂದರೆ ಜೋಡಿಯನ್ನು ಅಳೆಯುವ ಸಲಕರಣೆ ಮೂರು ದಶಕದ ಹಿಂದೆಯೇ ಸಿದ್ಧವಿತ್ತು. ಆ ಫಲಿತಾಂಶವನ್ನು ಕಲಿಸಿದವರ ಹೆಸರಿಗೆ ಜಮೆ ಮಾಡುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

ಫಲಿತಾಂಶವನ್ನೇ ಅಳತೆಯಾಗಿಸಿದರೆ ಕರೆಂಟ್ ಕಾಲರ್ ಹಾಕಿ ಬೇಗ ಫಲ ತೋರಿಸುವವರು ಮೊದಲ ಸಾಲಿಗೆ ಬರುವುದಿಲ್ಲವೇ ಎಂದು ಕೇಳಬಹುದು. ಅಂಜಿಕೆ ನ್ಯಾಯವಾದದ್ದು, ಪುರಾವೆ ಮಾತ್ರ ಅದರ ಕಡೆಗಿಲ್ಲ. 2020ರಲ್ಲಿ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಕರೆದರೆ ಬಾರದ 63 ನಾಯಿಗಳನ್ನು ಮೂರು ಗುಂಪು ಮಾಡಿ ನೋಡಿದಾಗ, ಕಾಲರಿಗಿಂತ ಬರೀ ತಿಂಡಿಯ ಪ್ರತಿಫಲದ ವಿಧಾನವೇ ಚೆನ್ನಾಗಿ ಕೆಲಸ ಮಾಡಿತು. ಅದೇ ವರ್ಷ ಪೋರ್ಚುಗಲ್‌ನಲ್ಲಿ ಬೇರೆಬೇರೆ ಶಾಲೆಗಳ 92 ನಾಯಿಗಳನ್ನು ಗಮನಿಸಿದ ಅಧ್ಯಯನದಲ್ಲಿ ದಂಡನೆಯ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚು ಕಂಡವು. ಅಮೆರಿಕದ ಪಶುವೈದ್ಯ ವರ್ತನತಜ್ಞರ ಸಂಘ 2021ರ ತನ್ನ ಹೇಳಿಕೆಯಲ್ಲಿ ಪ್ರತಿಫಲದ ವಿಧಾನವನ್ನಷ್ಟೇ ಅನುಮೋದಿಸಿತು. ವೇಲ್ಸ್ 2010ರಲ್ಲೇ ಕರೆಂಟ್ ಕಾಲರನ್ನು ನಿಷೇಧಿಸಿತ್ತು. ಇವೆಲ್ಲಕ್ಕಿಂತ ನನ್ನ ಪ್ರಶ್ನೆಗೆ ಹತ್ತಿರವಾದ ಕಾರಣ ಇನ್ನೊಂದಿದೆ. ರಿಮೋಟು ಹಿಡಿದ ಬೋಧಕರಿಗೆ ಗಳಿಗೆ ಗೊತ್ತು. ಅದೇ ರಿಮೋಟು ಮಾಲೀಕರ ಕೈಗೆ ಹೋದಾಗ ಮೇಲೆ ಹೇಳಿದ ಜೇಬು ತಡಕುವ ತಡವೇ ಇಲ್ಲೂ ಆಗುತ್ತದೆ. ಬಿಸ್ಕತ್ತು ತಡವಾದರೆ ಮರಿಗೆ ಗೊಂದಲ, ಅಷ್ಟೇ. ಶಾಕ್ ತಡವಾದರೆ, ಆ ಕ್ಷಣ ಎದುರಿಗೆ ಬಂದ ಮಗುವನ್ನೋ ಸೈಕಲ್ಲನ್ನೋ ನಾಯಿ ಅದಕ್ಕೆ ಹೊಣೆ ಮಾಡುತ್ತದೆ. ಹೊಸಬರ ಕೈಯಲ್ಲಿ ತಪ್ಪಾದರೂ ಹಾನಿಯಾಗದ ವಿಧಾನವನ್ನು ಆರಿಸುವುದು ಮಾಲೀಕರಿಗೆ ಕಲಿಸುವವರ ಮೊದಲ ಹೊಣೆ.

ಕರ್ನಾಟಕದ ಮಟ್ಟಿಗೆ ಪ್ರಮಾಣಪತ್ರಕ್ಕೆ ಇನ್ನೊಂದು ಉಪಯೋಗವಿದೆ, ವಿದೇಶಿ ಪಠ್ಯಗಳಲ್ಲಿ ಅದರ ಸುಳಿವಿಲ್ಲ. ಇಲ್ಲಿ ಟ್ರೇನರ್ ಮನೆಗೆ ಬರುವುದು ಕೆಲಸದವರಾಗಿ. ‘ಸಾರ್’, ‘ಮೇಡಂ’ ಎಂದು ಕರೆದು ನಿಂತುಕೊಂಡವರಿಗೆ, ತಪ್ಪು ನಿಮ್ಮದು ಎನ್ನುವ ಅಧಿಕಾರ ಎಲ್ಲಿಂದ ಬರಬೇಕು? ನಮ್ಮ ಮನೆಗಳಲ್ಲಿ ನಾಯಿಯ ಮಾಲೀಕರು ಒಬ್ಬರೂ ಅಲ್ಲ. ಯಜಮಾನರು ‘ಸಿಟ್’ ಎನ್ನುತ್ತಾರೆ, ಮಗಳು ‘ಸಿಟ್ ಡೌನ್’ ಎನ್ನುತ್ತಾಳೆ, ವಾಕಿಂಗ್‌ಗೆ ಕರೆದೊಯ್ಯುವ ಹುಡುಗ ‘ಬೈಠ್’ ಎನ್ನುತ್ತಾನೆ, ಅಜ್ಜಿ ಏನೂ ಹೇಳದೆ ಇಡ್ಲಿಯ ಚೂರು ಕೆಳಗೆ ಹಾಕುತ್ತಾರೆ. ದಿನಾ ಹಾಕಿದರೆ ಅಷ್ಟು ತೊಂದರೆಯಿಲ್ಲ. ಅಜ್ಜಿ ಹಾಕುವುದು ಯಾವಾಗಲೋ ಒಮ್ಮೆ, ಪಾಪ ಅನಿಸಿದಾಗ. ಸಿಗಬಹುದು, ಸಿಗದಿರಬಹುದು ಎಂಬ ಪ್ರತಿಫಲವೇ ಅಭ್ಯಾಸವನ್ನು ಎಲ್ಲಕ್ಕಿಂತ ಗಟ್ಟಿ ಮಾಡುತ್ತದೆ ಎಂಬುದು ಸ್ಕಿನ್ನರ್ ಕಾಲದಿಂದ ಗೊತ್ತಿರುವ ಸಂಗತಿ. ಊಟದ ಹೊತ್ತಿನಲ್ಲಿ ಟೇಬಲ್ಲಿಗೆ ಕಾಲು ಹಾಕುವ ನಾಯಿಯನ್ನು ತಿದ್ದಬೇಕಾದರೆ ತಿದ್ದಬೇಕಾದ್ದು ಅಜ್ಜಿಯನ್ನು, ಅದೂ ‘ಅಜ್ಜಿ, ನೀವೇ ಕೊಡಿ, ಆದ್ರೆ ಅದು ಚಾಪೆ ಮೇಲೆ ಕೂತಾಗ ಮಾತ್ರ ಕೊಡಿ’ ಎಂದು ಅವರನ್ನೇ ಪಾಠದ ಪಾಲುದಾರರನ್ನಾಗಿ ಮಾಡಿಕೊಂಡು. ಇಂಥ ಮಾತಿನ ಹದ ಯಾವ ಬಹು ಆಯ್ಕೆಯ ಪ್ರಶ್ನೆಯಲ್ಲೂ ಸಿಗದು. ಅದನ್ನು ಬಲ್ಲವರು ಎಂದು ಹೊರಗಿನವರೊಬ್ಬರು ಖಾತ್ರಿ ಕೊಟ್ಟಿದ್ದರೆ ಮನೆಯವರು ಅವರ ಕೈಗೆ ಚೈನು ಕೊಟ್ಟು ಒಳಗೆ ಹೋಗುವ ಬದಲು ಎದುರಿಗೆ ನಿಲ್ಲುವ ಸಂಭವ ಹೆಚ್ಚು.

ನಮ್ಮಲ್ಲಿ ಸದ್ಯ ಅಂಥ ಖಾತ್ರಿಯಿಲ್ಲ. ನಾಯಿಮರಿ ಹುಟ್ಟಿಸಿ ಮಾರುವವರಿಗೆ 2017ರ ಕೇಂದ್ರ ನಿಯಮಗಳಿವೆ, ಸಾಕುಪ್ರಾಣಿ ಅಂಗಡಿಗಳಿಗೆ 2018ರವು. ಮಾರಾಟವಾದ ಮರಿಯನ್ನು ಮನೆಗೆ ಬಂದು ಪಳಗಿಸುವವರು ಈ ಯಾವುದರ ವ್ಯಾಪ್ತಿಗೂ ಬರುವುದಿಲ್ಲ. ವಿದೇಶಿ ಪ್ರಮಾಣಪತ್ರ ಪಡೆದ ಕೆಲವರು ಮಹಾನಗರಗಳಲ್ಲಿದ್ದಾರೆ, ಆದರೆ ಡಾಲರಿನಲ್ಲಿ ಶುಲ್ಕ ಕಟ್ಟಿ ಇಂಗ್ಲಿಷಿನಲ್ಲಿ ಓದುವ ಆ ದಾರಿ ಮಂಡ್ಯದಿಂದಲೋ ಮುಧೋಳದಿಂದಲೋ ಬಂದ, ನಾಯಿಯ ಮೈಮನಸ್ಸು ಬಲ್ಲ ಹುಡುಗನಿಗೆ ಎಟುಕುವುದಿಲ್ಲ. ಕಡ್ಡಾಯ ಮಾಡಿದರೆ ಇಂಥವರೇ ಮೊದಲು ಹೊರಬೀಳುತ್ತಾರೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಪರಿಹಾರ ಕನ್ನಡದ ಪರೀಕ್ಷೆ, ಸದ್ಯಕ್ಕೆ ಕಡ್ಡಾಯವಲ್ಲದ್ದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಜಾಗದಲ್ಲಿ ಅದನ್ನು ನಡೆಸಲು ಬೇಕಾದ ಜ್ಞಾನವೂ ಇದೆ, ಮಾಲೀಕರ ನಿತ್ಯದ ಒಡನಾಟವೂ ಇದೆ. ಅಭ್ಯರ್ಥಿಗೆ ಪರಿಚಯವಿಲ್ಲದ ಎರಡು ಕುಟುಂಬಗಳನ್ನು ಕೊಡಲಿ, ಒಂದರಲ್ಲಿ ಹಿರಿಯರೊಬ್ಬರು ಇರಲಿ. ನಾಲ್ಕಾರು ಪಾಠಗಳಲ್ಲಿ ಒಂದನ್ನು ಪರೀಕ್ಷಕರು ಕೂತು ನೋಡಲಿ, ಉಳಿದವಕ್ಕೆ ಫೋನಿನ ವಿಡಿಯೊ ಸಾಕು. ನಾಯಿಯ ಬಗೆಗಿನ ತಿಳಿವಳಿಕೆಯನ್ನು ಬಾಯಿಮಾತಿನಲ್ಲೇ ಕೇಳಿ ತಿಳಿಯಬಹುದು. ಅಂಕಪಟ್ಟಿ ಮಾತ್ರ ಒಂದು ತಿಂಗಳು ತಡೆದು ಬರಬೇಕು: ಅಷ್ಟು ದಿನ ಬಿಟ್ಟು ಪರೀಕ್ಷಕರು ಆ ಎರಡು ಮನೆಗೆ ಹೋಗಿ, ನಾಯಿಯನ್ನು ರಸ್ತೆಗೆ ಕರೆದೊಯ್ಯಿರಿ ಎಂದು ಮನೆಯವರಿಗೆ ಹೇಳಬೇಕು. ಅಭ್ಯರ್ಥಿಗೆ ಆ ದಿನ ಆ ಬೀದಿಗೇ ಬರಬೇಡಿ ಎಂದು ಮೊದಲೇ ತಿಳಿಸಿರಬೇಕು.